ಬಿಸಿನೆಸ್ ಕ್ಲಾಸಿನಲ್ಲಿ ಖಾಲಿ ಗ್ಲಾಸು ಯಾರ ಕಣ್ಣಿಗೆ ಬೀಳುತ್ತದೆ?

ವಿಮಾನದ ಮುಂಭಾಗದ ಅಗಲ ಸೀಟುಗಳು ಕಂಪನಿ ದುಡ್ಡಿನಲ್ಲಿ ಓಡಾಡುವ ದೊಡ್ಡ ಸಾಹೇಬರಿಗೆ ಮಾತ್ರ ಅನ್ನುವ ಕಾಲ ಒಂದಿತ್ತು. ಈಗ ಅಲ್ಲಿ ಎಲ್ಲ ಥರದವರೂ ಕಾಣುತ್ತಾರೆ. ಕ್ರೆಡಿಟ್ ಕಾರ್ಡಿನ ಪಾಯಿಂಟು ಕೂಡಿಹಾಕಿ ಹೋಗುವವರಿದ್ದಾರೆ. ಮಂಡಿನೋವಿನ ಅಪ್ಪ ಅಮ್ಮ ಕಾಲು ಚಾಚಿ ಮಲಗಲಿ ಎಂದು ಅಮೆರಿಕದಲ್ಲಿರುವ ಮಕ್ಕಳು ಟಿಕೆಟ್ ತೆಗೆದು ಕಳಿಸುತ್ತಾರೆ. ಕಡಿಮೆ ದರಕ್ಕೆ ಹೆಸರಾದ ಇಂಡಿಗೋ ಕೂಡ 2024ರ ನವೆಂಬರಿನಲ್ಲಿ ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ 12 ಸೀಟುಗಳ ಬಿಸಿನೆಸ್ ಕ್ಲಾಸ್ ಶುರುಮಾಡಿತು. ಮೊದಲು ದೆಹಲಿ–ಮುಂಬೈ ನಡುವೆ, ಆಮೇಲೆ ಬೆಂಗಳೂರಿಗೂ. ಏರ್ ಇಂಡಿಯಾದ ಹೊಸ ಎ350 ವಿಮಾನ 2024ರ ಜನವರಿಯಲ್ಲಿ ಹಾರಾಟ ಆರಂಭಿಸಿದಾಗ ಅದು ಮೊದಮೊದಲು ಹೋಗಿಬಂದ ಊರುಗಳಲ್ಲಿ ಬೆಂಗಳೂರೂ ಇತ್ತು.

ಹೀಗೆ ಮೊದಲ ಸಲ ಹೋಗಿ ಬಂದವರು ಸೀಟನ್ನು ಹೊಗಳುತ್ತಾರೆ, ಊಟ ಪರವಾಗಿಲ್ಲ ಅನ್ನುತ್ತಾರೆ. ಗೊಣಗಾಟ ಏಳುವುದು ಸಣ್ಣದೊಂದು ವಿಷಯಕ್ಕೆ. ‘ಅಷ್ಟು ದುಡ್ಡು ಕೊಟ್ಟಿದ್ದೀವಿ, ಗ್ಲಾಸು ಖಾಲಿಯಾಗಿ ಅರ್ಧ ಗಂಟೆಯಾದರೂ ಯಾರೂ ತಿರುಗಿ ನೋಡಲಿಲ್ಲ.’ ಅದೇ ಕಂಪನಿಯ ಇನ್ನೊಂದು ವಿಮಾನದಲ್ಲಿ ಹೋದವರು ‘ಕೇಳುವ ಮೊದಲೇ ತುಂಬಿಸಿಬಿಟ್ಟರು’ ಅನ್ನುತ್ತಾರೆ. ಯಾಕೆ ಹೀಗೆ? ಸಿಬ್ಬಂದಿಯ ಸ್ವಭಾವ ಒಂದು ಕಾರಣ, ನಿಜ. ಆದರೆ ನಮ್ಮ ಕಣ್ಣಿಗೆ ಬೀಳದ ಬೇರೆ ಸಂಗತಿಗಳು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ಎಷ್ಟು ಕೈಗಳಿವೆ, ಸೀಟು ಹೇಗೆ ಜೋಡಿಸಿದ್ದಾರೆ, ಎಷ್ಟು ಹೊತ್ತಿನ ಪ್ರಯಾಣ, ಕಾನೂನು ಏನು ಹೇಳುತ್ತದೆ ಅನ್ನುವುದರ ಮೇಲೆ ನಿಮ್ಮ ಗ್ಲಾಸಿನ ಹಣೆಬರಹ ನಿಂತಿರುತ್ತದೆ.

ಬಾಗಿಲು ಮುಚ್ಚುವ ಮುಂಚಿನ ಗ್ಲಾಸು

ಸೀಟಿಗೆ ಬಂದು ಕೂತ ಕೂಡಲೇ ಟ್ರೇಯಲ್ಲಿ ತಂದುಕೊಡುವುದಕ್ಕೆ ‘ವೆಲ್ಕಮ್ ಡ್ರಿಂಕ್’ ಅನ್ನುತ್ತಾರೆ. ಕಿತ್ತಳೆ ರಸ, ನೀರು, ಮಜ್ಜಿಗೆ, ಕೆಲವು ಕಡೆ ಶಾಂಪೇನ್. ಇದು ನಿರಾಳವಾಗಿ ಕಾಣುವ ಉಪಚಾರ. ಕೊಡುವವರಿಗೆ ಮಾತ್ರ ಓಟದ ಪಂದ್ಯ.

ಪ್ರಯಾಣಿಕರು ಹತ್ತುವ ಹೊತ್ತಿನಲ್ಲಿ ಸಿಬ್ಬಂದಿಗೆ ಸುರಕ್ಷತೆಯ ಕೆಲಸವೇ ಮುಖ್ಯ. ಒಬ್ಬರು ಬಾಗಿಲಲ್ಲಿ ನಿಂತು ಬೋರ್ಡಿಂಗ್ ಪಾಸ್ ನೋಡಬೇಕು. ಉಳಿದವರು ಬ್ಯಾಗುಗಳನ್ನು ಮೇಲೆ ಇಡಿಸಬೇಕು, ಬಾಗಿಲುಗಳ ದಾರಿ ತೆರವಾಗಿದೆಯಾ ನೋಡಬೇಕು. ಇದರ ನಡುವೆ ಗ್ಲಾಸು ಕೊಟ್ಟು, ಕುಡಿಯಲು ಬಿಟ್ಟು, ವಾಪಸು ಎತ್ತಿಕೊಳ್ಳಬೇಕು. ವಾಪಸು ಎತ್ತುವುದು ಅವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅಮೆರಿಕದ ನಿಯಮದ ಪ್ರಕಾರ ಕಂಪನಿ ಕೊಟ್ಟ ತಿಂಡಿ, ಪಾನೀಯ, ಪಾತ್ರೆ ಏನಾದರೂ ಸೀಟಿನಲ್ಲಿದ್ದರೆ ವಿಮಾನ ನೆಲದ ಮೇಲೆ ಕದಲುವಂತೆಯೂ ಇಲ್ಲ. ಬೇರೆ ದೇಶಗಳಲ್ಲೂ ಮೇಲೇರುವ ಮುಂಚೆ ಎಲ್ಲವನ್ನೂ ಎತ್ತಲೇಬೇಕು. ಏರುವಾಗ, ಇಳಿಯುವಾಗ ಏನಾದರೂ ಹೆಚ್ಚುಕಮ್ಮಿಯಾದರೆ ಆ ಗಾಜಿನ ಲೋಟ ಯಾರ ಮುಖಕ್ಕೆ ಹಾರುತ್ತದೋ ಹೇಳಲಾಗದು. ಹಾಗಾಗಿ ನೀವು ಕೊನೆಯಲ್ಲಿ ಹತ್ತಿದವರಾದರೆ ವೆಲ್ಕಮ್ ಡ್ರಿಂಕ್ ಸಿಗದೇ ಹೋಗಬಹುದು. ಸಿಕ್ಕರೂ ಎರಡು ಗುಟುಕಿಗೇ ‘ತೆಗೆದುಕೊಳ್ಳಲಾ ಸರ್?’ ಎಂದು ಕೈ ಚಾಚಿರುತ್ತಾರೆ.

ಶಾಂಪೇನ್ ವಿಷಯ ಇನ್ನೂ ಸ್ವಲ್ಪ ಗೋಜಲು. ಅಂತರರಾಷ್ಟ್ರೀಯ ವಿಮಾನಗಳಿಗೆ ತುಂಬುವ ಮದ್ಯಕ್ಕೆ ಸಾಮಾನ್ಯವಾಗಿ ಸುಂಕ ಕಟ್ಟಿರುವುದಿಲ್ಲ. ಅದು ಕಸ್ಟಮ್ಸ್ ಕಣ್ಗಾವಲಿನ ಗೋದಾಮಿನಲ್ಲಿ ಇರುತ್ತದೆ. ಅಲ್ಲಿಂದ ಬೀಗ ಹಾಕಿದ, ನಂಬರಿನ ಸೀಲ್ ಬಿಗಿದ ಟ್ರಾಲಿಗಳಲ್ಲಿ ವಿಮಾನಕ್ಕೆ ಬರುತ್ತದೆ. ನೆಲದ ಮೇಲೆ ಆ ಸೀಲ್ ಒಡೆದು ಕುಡಿಸಿದರೆ ಆ ದೇಶದೊಳಗೇ ಕುಡಿಸಿದಂತಾಗುತ್ತದೆ. ಆಗ ಅಲ್ಲಿನ ತೆರಿಗೆ, ಅಬಕಾರಿ ಕಾನೂನು ಎಲ್ಲ ಎದ್ದು ನಿಲ್ಲುತ್ತವೆ. ಅದಕ್ಕೇ ಭಾರತದಿಂದ ಹೊರಡುವ ಅನೇಕ ವಿಮಾನಗಳಲ್ಲಿ ನೆಲದ ಮೇಲಿರುವಾಗ ರಸ, ನೀರಷ್ಟೇ. ಅದೇ ಕಂಪನಿ ವಾಪಸು ಬರುವಾಗ ಬೇರೆ ದೇಶದ ನಿಲ್ದಾಣದಲ್ಲಿ ಶಾಂಪೇನ್ ಸುರಿಯಬಹುದು. ‘ಹೋಗುವಾಗ ಕೊಡಲಿಲ್ಲ, ಬರುವಾಗ ಕೊಟ್ಟರು’ ಅನ್ನುವ ದೂರಿನ ಮೂಲ ಹೆಚ್ಚಾಗಿ ಇದೇ.

ದೇಶದೊಳಗಿನ ಹಾರಾಟದಲ್ಲಂತೂ ಈ ಪ್ರಶ್ನೆಯೇ ಇಲ್ಲ. ಭಾರತದ ನಿಯಮದ ಪ್ರಕಾರ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವಂತಿಲ್ಲ. ಬೆಂಗಳೂರಿನಿಂದ ದೆಹಲಿಗೆ ಎಷ್ಟೇ ದುಬಾರಿ ಸೀಟಿನಲ್ಲಿ ಕೂತರೂ ಕಾಫಿ, ಚಹಾ, ರಸ, ತಂಪು ಪಾನೀಯಕ್ಕೇ ಲೆಕ್ಕ ಮುಗಿಯುತ್ತದೆ.

ಕೈ ಎಷ್ಟು, ಗ್ಲಾಸು ಎಷ್ಟು

ವಿಮಾನದಲ್ಲಿ ಎಷ್ಟು ಸಿಬ್ಬಂದಿ ಇರಬೇಕು ಅನ್ನುವುದನ್ನು ಕಾನೂನು ಹೇಳುತ್ತದೆ. ಭಾರತ, ಅಮೆರಿಕ, ಯುರೋಪ್ ಮೂರು ಕಡೆಯೂ ಅದು ಸರಿಸುಮಾರು 50 ಸೀಟಿಗೆ ಒಬ್ಬರು. ಗ್ಲಾಸು ತುಂಬಿಸುವುದಕ್ಕೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ. ಅಪಾಯದ ಹೊತ್ತಿನಲ್ಲಿ ಜನರನ್ನು ಹೊರಗೆ ಕಳಿಸಲು ಬೇಕಾದ ಕೈಗಳ ಲೆಕ್ಕ ಅದು. ದೊಡ್ಡ ವಿಮಾನವೊಂದು ಪರವಾನಗಿ ಪಡೆಯಬೇಕಾದರೆ, ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಇಳಿಸಬಹುದು ಎಂದು ತೋರಿಸಬೇಕು. ಉಪಚಾರಕ್ಕೆ ಎಷ್ಟು ಜನ ಹೆಚ್ಚಿಗೆ ಬೇಕು ಅನ್ನುವುದು ಕಂಪನಿಯ ತೀರ್ಮಾನ. ಒಂದು ಕಂಪನಿ ಕೈಬಿಚ್ಚಿ ಹಾಕುತ್ತದೆ, ಇನ್ನೊಂದು ಕನಿಷ್ಠದ ಹತ್ತಿರವೇ ನಿಲ್ಲುತ್ತದೆ. ಅರ್ಧ ಉತ್ತರ ಇಲ್ಲೇ ಸಿಕ್ಕಿತು ಅಲ್ವಾ?

ಲೆಕ್ಕ ಹಾಕಿ ನೋಡೋಣ. ಏರ್ ಇಂಡಿಯಾದ ಎ350 ವಿಮಾನದಲ್ಲಿ 316 ಸೀಟುಗಳಿವೆ. ಅದರಲ್ಲಿ ಬಿಸಿನೆಸ್ ಕ್ಲಾಸಿನವು 28. ಕಿಟಕಿ ಪಕ್ಕ ಒಂದೊಂದು, ನಡುವೆ ಎರಡು. ನಡೆದಾಡಲು ಎರಡು ಓಣಿ. ಅಂದರೆ ಓಣಿಗೆ 14 ಜನ. ಪ್ರತಿ ಓಣಿಗೆ ಒಬ್ಬರು, ಗ್ಯಾಲಿಯಲ್ಲಿ ಒಬ್ಬರು ಇದ್ದಾರೆ ಅಂದುಕೊಳ್ಳಿ. ಗ್ಯಾಲಿ ಅಂದರೆ ವಿಮಾನದ ಪುಟ್ಟ ಅಡುಗೆಮನೆ. ಊಟ ಬಿಸಿ ಮಾಡುವುದು, ಗ್ಲಾಸು ಜೋಡಿಸುವುದು ಎಲ್ಲ ಅಲ್ಲಿ. ಒಬ್ಬ ಪ್ರಯಾಣಿಕರಿಗೆ ಬಟ್ಟೆ ಹಾಸಿ, ಏನಿದೆ ಎಂದು ಹೇಳಿ, ಕೇಳಿದ್ದನ್ನು ಸುರಿದು, ಬಿಸಿ ಗೋಡಂಬಿ ಬಾದಾಮಿಯ ಬಟ್ಟಲು ಇಡಲು ಎರಡು ನಿಮಿಷ ಹಿಡಿಯಿತು ಅನ್ನಿ. 14 ಜನಕ್ಕೆ 28 ನಿಮಿಷ. ಕೊನೆಯವರಿಗೆ ಮೊದಲ ಗ್ಲಾಸು ಸಿಗುವ ಹೊತ್ತಿಗೆ ಮೊದಲನೆಯವರ ಗ್ಲಾಸು ಎಂದೋ ಖಾಲಿ. ಅವರಿಬ್ಬರೂ ಇಳಿದ ಮೇಲೆ ಒಂದೇ ದೂರು ಹೇಳುತ್ತಾರೆ. ತಪ್ಪು ಮಾಡಿದವರು ಮಾತ್ರ ಯಾರೂ ಇಲ್ಲ.

ಇದಕ್ಕೆ ಇನ್ನೂ ಒಂದು ತಡ ಸೇರಿಸಿ. ವಿಮಾನ ಏರುವಾಗ ಸಿಬ್ಬಂದಿಯೂ ಬೆಲ್ಟ್ ಕಟ್ಟಿ ಕೂತಿರುತ್ತಾರೆ. ಪೈಲಟ್ ಸೂಚನೆ ಕೊಟ್ಟ ಮೇಲೆಯೇ ಏಳುವುದು. ಎದ್ದ ಕೂಡಲೇ ಗ್ಲಾಸು ಬರುವುದಿಲ್ಲ. ಟ್ರಾಲಿಗಳ ಸೀಲ್ ಒಡೆಯಬೇಕು, ಬಾಟಲಿ ಎಣಿಸಬೇಕು, ಮಂಜುಗಡ್ಡೆ ಬಿಡಿಸಬೇಕು, ಒಲೆ ಹಚ್ಚಬೇಕು.

ನಮ್ಮ ಮದುವೆಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಅಲ್ಲಿ ಎರಡು ಥರದ ಓಡಾಟ ಇರುತ್ತದೆ. ಸಾರಿನ ಬಕೆಟ್ ಹಿಡಿದವನು ಸಾಲಿನ ತುದಿಯಿಂದ ತುದಿಗೆ ಒಂದೇ ಸಮನೆ ಹೋಗುತ್ತಾನೆ. ಅವನ ಗಮನವೆಲ್ಲ ಸಾಲು ಮುಗಿಸುವುದರ ಮೇಲೆ. ಅವನ ಹಿಂದೆ ಮನೆಯ ಯಜಮಾನರೋ ಸೋದರಮಾವನೋ ಬರಿಗೈಯಲ್ಲಿ ಬರುತ್ತಾರೆ. ‘ಇಲ್ಲಿಗೆ ಇನ್ನೊಂದು ಹೋಳಿಗೆ’, ‘ಈ ಎಲೆಗೆ ಮಜ್ಜಿಗೆ ಬರಲಿಲ್ಲ’ ಎಂದು ನೋಡುತ್ತಾ ಹೋಗುವುದು ಅವರ ಕೆಲಸ. ವಿಮಾನದಲ್ಲಿ ಬಡಿಸುವವರೂ ಅವರೇ, ವಿಚಾರಿಸುವವರೂ ಅವರೇ. ಬಕೆಟ್ ಕೈಯಲ್ಲಿರುವಾಗ ಎಲೆ ನೋಡಲು ಪುರುಸೊತ್ತಿರುವುದಿಲ್ಲ. ಯಜಮಾನರ ಆ ಕೆಲಸ ಮಾಡಬೇಕಾದವರು ಪರ್ಸರ್, ಅಂದರೆ ಇಡೀ ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥರು. ಆದರೆ ಕೈ ಕಡಿಮೆ ಇದ್ದ ದಿನ ಅವರೂ ಟ್ರೇ ಹಿಡಿದು ನಿಂತಿರುತ್ತಾರೆ.

ಟ್ರಾಲಿಯೋ, ಟ್ರೇಯೋ

ಪಾನೀಯ ತರುವ ದಾರಿ ಎರಡು. ಒಂದು, ಬಾಟಲಿಗಳನ್ನೆಲ್ಲ ಮೇಲೆ ಜೋಡಿಸಿದ ಟ್ರಾಲಿ ತಳ್ಳಿಕೊಂಡು ಬರುವುದು. ಬೇಗ ಮುಗಿಯುತ್ತದೆ. ಏನೇನಿದೆ ಎಂದು ಕಣ್ಣಿಗೆ ಕಾಣುವುದರಿಂದ ಹೆಸರು ಗೊತ್ತಿಲ್ಲದವರೂ ಬೆರಳು ತೋರಿಸಿ ಕೇಳಬಹುದು. ಆದರೆ ಟ್ರಾಲಿ ದಾಟಿ ಹೋದರೆ ಹೋಯಿತು, ಮತ್ತೆ ಬರುವುದು ಯಾವಾಗಲೋ.

ಇನ್ನೊಂದು, ಹೋಟೆಲಿನಲ್ಲಿ ಮಾಡುವಂತೆ ಒಬ್ಬೊಬ್ಬರಿಗೂ ಬೇಕಾದ್ದು ಕೇಳಿ ಟ್ರೇಯಲ್ಲಿ ತಂದುಕೊಡುವುದು. ನಿಧಾನ. ಆದರೆ ಸಿಬ್ಬಂದಿ ನಿಮ್ಮ ಪಕ್ಕದಲ್ಲಿ ಹತ್ತಾರು ಸಲ ಹಾದುಹೋಗುತ್ತಾರೆ. ಪ್ರತಿ ಸಲವೂ ಕಣ್ಣು ನಿಮ್ಮ ಗ್ಲಾಸಿನ ಮೇಲೆ ಹರಿಯುತ್ತದೆ. ಕೇಳದೆಯೇ ತುಂಬಿಸುವ ಉಪಚಾರ ಹುಟ್ಟುವುದು ಈ ಓಡಾಟದಿಂದ. ಇದೊಂದು ವಿಚಿತ್ರ: ಮೊದಲ ಗ್ಲಾಸು ತಡವಾಗಿ ಬಂದ ವಿಮಾನದಲ್ಲಿ ಎರಡನೇ ಗ್ಲಾಸು ಬೇಗ ಬರುವ ಸಾಧ್ಯತೆ ಹೆಚ್ಚು.

ಕತಾರ್ ಏರ್‌ವೇಸಿನಂಥ ಕೆಲವು ಕಂಪನಿಗಳು ನಿಮಗೆ ಬೇಕಾದ ಹೊತ್ತಿಗೆ ಊಟ ಕೊಡುತ್ತವೆ. ಪ್ರಯಾಣಿಕರಿಗೆ ಆರಾಮ. ಸಿಬ್ಬಂದಿಗೆ ಲೆಕ್ಕ ಕಷ್ಟ. ಒಬ್ಬರು ಸೂಪು ಕುಡಿಯುತ್ತಿರುತ್ತಾರೆ, ಪಕ್ಕದವರು ಮಲಗಿರುತ್ತಾರೆ, ಹಿಂದಿನವರು ಕಾಫಿಗೆ ಕಾಯುತ್ತಿರುತ್ತಾರೆ. ಅದಕ್ಕೇ ಗ್ಯಾಲಿಯಲ್ಲಿ ಸೀಟಿನ ನಕ್ಷೆಯ ಮೇಲೆ ಯಾರಿಗೆ ಏನು ಎಂದು ಗುರುತು ಹಾಕಿಕೊಳ್ಳುತ್ತಾರೆ. ಕೆಲವರು ಕಾಗದದ ಮೇಲೆ, ಕೆಲವರು ಟ್ಯಾಬ್ಲೆಟ್ಟಿನಲ್ಲಿ. ಎಮಿರೇಟ್ಸ್ ಮೊದಲಾದ ಕಂಪನಿಗಳ ಟ್ಯಾಬ್ಲೆಟ್ಟಿನಲ್ಲಿ ಪ್ರಯಾಣಿಕರ ಹೆಸರು, ಹಿಂದಿನ ಪ್ರಯಾಣದ ಇಷ್ಟಾನಿಷ್ಟಗಳೂ ಇರುತ್ತವೆ. ‘ಇವರಿಗೆ ನನ್ನ ಹೆಸರು ಹೇಗೆ ಗೊತ್ತಾಯಿತಪ್ಪಾ’ ಎಂದು ಬೆರಗಾಗುವವರಿಗೆ ಉತ್ತರ ಅದೇ.

ಸೀಟಿಗೆ ಬಾಗಿಲು ಬಂತು, ನೋಟ ತಪ್ಪಿತು

ಕಳೆದ ಕೆಲವು ವರ್ಷಗಳಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಆದ ದೊಡ್ಡ ಬದಲಾವಣೆ ಸೀಟಿಗೆ ಬಂದ ಬಾಗಿಲು. ಕತಾರ್ ಏರ್‌ವೇಸಿನ ‘ಕ್ಯೂಸೂಟ್’ 2017ರಲ್ಲಿ ಬಂತು. ಅದೇ ವರ್ಷ ಅಮೆರಿಕದ ಡೆಲ್ಟಾ, 2019ರಲ್ಲಿ ಬ್ರಿಟಿಷ್ ಏರ್‌ವೇಸ್ ಬಾಗಿಲಿನ ಸೀಟು ತಂದವು. ಏರ್ ಇಂಡಿಯಾದ ಎ350ಯಲ್ಲೂ ಸರಿಯುವ ಬಾಗಿಲಿದೆ. ಜಾಹೀರಾತಿನಲ್ಲಿ ಇದನ್ನೇ ಎತ್ತಿ ತೋರಿಸುತ್ತಾರೆ.

ಬಾಗಿಲು ಇಲ್ಲದ ಹಳೆಯ ಕ್ಯಾಬಿನ್ನಿನಲ್ಲಿ ಪರದೆಯ ಬಳಿ ನಿಂತು ಒಮ್ಮೆ ನೋಡಿದರೆ ಸಾಕಿತ್ತು. ಯಾರ ಗ್ಲಾಸು ಖಾಲಿ, ಯಾರು ಅತ್ತಿತ್ತ ನೋಡುತ್ತಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು. ಈಗ ಎತ್ತರದ ಗೋಡೆ, ಓರೆಯಾಗಿ ತಿರುಗಿಸಿದ ಸೀಟು, ಮೇಲೆ ಬಾಗಿಲು. ಗ್ಲಾಸು ಇಡುವ ಜಾಗವೂ ಒಳಗೆ, ಕಿಟಕಿ ಕಡೆ. ಸೀಟಿನ ಪಕ್ಕದಲ್ಲೇ ನಿಂತು ಇಣುಕಿದರೆ ಮಾತ್ರ ಕಾಣುತ್ತದೆ. ಇಣುಕುವುದು ಮರ್ಯಾದೆಯಾ? ಮುಚ್ಚಿದ ಬಾಗಿಲಿನ ಹಿಂದೆ ಮಲಗಿದ್ದಾರೋ, ಬಟ್ಟೆ ಬದಲಿಸುತ್ತಿದ್ದಾರೋ ಯಾರಿಗೆ ಗೊತ್ತು. ಹಾಗಾಗಿ ಹೆಚ್ಚಿನ ಸಿಬ್ಬಂದಿ ಬಾಗಿಲು ಮುಚ್ಚಿದ್ದರೆ ತೊಂದರೆ ಕೊಡಬೇಡಿ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ನಾವು ಒಂದೇ ಟಿಕೆಟಿನಲ್ಲಿ ಎರಡು ಆಸೆ ಇಟ್ಟುಕೊಳ್ಳುತ್ತೇವೆ. ಯಾರೂ ನಮ್ಮನ್ನು ನೋಡಬಾರದು, ಆದರೆ ನಮ್ಮ ಗ್ಲಾಸನ್ನು ನೋಡುತ್ತಲೇ ಇರಬೇಕು. ವಿನ್ಯಾಸ ಮಾಡುವವರು ಮೊದಲನೆಯದಕ್ಕೆ ಉತ್ತರ ಹುಡುಕಿದ್ದಾರೆ, ಎರಡನೆಯದನ್ನು ಸಿಬ್ಬಂದಿಯ ಕಾಲಿಗೆ ಬಿಟ್ಟಿದ್ದಾರೆ. ಗ್ಲಾಸು ತುಂಬಬೇಕಿದ್ದರೆ ಊಟದ ಹೊತ್ತಿನಲ್ಲಾದರೂ ಬಾಗಿಲು ತೆರೆದಿಡುವುದು ಒಳ್ಳೆಯದು.

ಊಟ ಮುಗಿದ ಮೇಲೆ ಎಲ್ಲಿ ಮಾಯವಾಗುತ್ತಾರೆ?

ಬೆಂಗಳೂರಿನಿಂದ ಲಂಡನ್ನಿಗೆ ಹತ್ತು ಗಂಟೆಯ ಆಸುಪಾಸು, ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹೋದರೆ ಹದಿನಾರು ಹದಿನೇಳು ಗಂಟೆ. ಇಷ್ಟು ಹೊತ್ತು ಒಬ್ಬರೇ ನಿಂತು ಕೆಲಸ ಮಾಡಲು ಆಗದು. ಬಹುದೂರದ ಹಾರಾಟಗಳಲ್ಲಿ ಸಿಬ್ಬಂದಿಗೆ ವಿಶ್ರಾಂತಿಯ ಸಮಯ ನಿಗದಿಯಾಗಿರುತ್ತದೆ. ದೊಡ್ಡ ವಿಮಾನಗಳಲ್ಲಿ ಕ್ಯಾಬಿನ್ನಿನ ಮೇಲ್ಭಾಗದಲ್ಲೋ ಕೆಳಗೋ ಅವರಿಗೆಂದೇ ಪುಟ್ಟ ಮಂಚಗಳಿರುತ್ತವೆ. ಬೋಯಿಂಗ್ 787ರಲ್ಲಿ ಹಿಂಭಾಗದ ಅಟ್ಟದ ಮೇಲೆ. ಊಟ ಮುಗಿದು ದೀಪ ಆರಿದ ಮೇಲೆ ಸಿಬ್ಬಂದಿಯಲ್ಲಿ ಸರಿಸುಮಾರು ಅರ್ಧದಷ್ಟು ಜನ ಅಲ್ಲಿ ಹೋಗಿ ಮಲಗುತ್ತಾರೆ. ಅವರು ಎದ್ದು ಬಂದ ಮೇಲೆ ಉಳಿದವರು. ಅಂದರೆ ಪ್ರಯಾಣದ ನಡುಭಾಗದಲ್ಲಿ ನಿಮ್ಮನ್ನು ನೋಡಿಕೊಳ್ಳುವ ಕೈಗಳೇ ಅರ್ಧ. ಅವರೂ ಕತ್ತಲೆಯಲ್ಲಿ, ಮಲಗಿದವರನ್ನು ಎಬ್ಬಿಸದಂತೆ, ಆಗೊಮ್ಮೆ ಈಗೊಮ್ಮೆ ನೀರಿನ ಟ್ರೇ ಹಿಡಿದು ಹೋಗುತ್ತಾರೆ.

ಈ ಹೊತ್ತಿಗೆಂದೇ ಕೆಲವು ಕಂಪನಿಗಳು ನಾವೇ ಹೋಗಿ ತೆಗೆದುಕೊಳ್ಳುವ ಮೂಲೆ ಇಟ್ಟಿರುತ್ತವೆ. ಬ್ರಿಟಿಷ್ ಏರ್‌ವೇಸ್ ಇದನ್ನು ‘ಕ್ಲಬ್ ಕಿಚನ್’ ಅನ್ನುತ್ತದೆ. ಎಮಿರೇಟ್ಸಿನ ಎ380 ಇನ್ನೂ ಮುಂದೆ ಹೋಗಿ ಮೇಲಿನ ಅಂತಸ್ತಿನ ಹಿಂಭಾಗದಲ್ಲಿ ನಿಜವಾದ ಬಾರ್ ಕಟ್ಟೆಯನ್ನೇ ಕಟ್ಟಿದೆ. ಆ ವಿಮಾನ 2022ರ ಅಕ್ಟೋಬರಿನಿಂದ ದುಬೈ–ಬೆಂಗಳೂರು ನಡುವೆಯೂ ಹಾರತೊಡಗಿತು. ಅಲ್ಲಿ ಗ್ಲಾಸು ನಿಮ್ಮ ಬಳಿ ಬರುವುದಿಲ್ಲ, ನೀವೇ ಗ್ಲಾಸಿನ ಬಳಿ ಹೋಗಿ ನಿಲ್ಲುತ್ತೀರಿ. ಖಾಲಿಯಾದದ್ದು ಎದುರಿಗಿರುವವರ ಕಣ್ಣಿಗೆ ತಾನಾಗಿಯೇ ಬೀಳುತ್ತದೆ.

ಇಲ್ಲದಿದ್ದರೆ ಕರೆಗಂಟೆ ಇದೆ. ನಮ್ಮ ಕಡೆಯ ಹಿರಿಯರು ಇದನ್ನು ಒತ್ತಲು ತುಂಬಾ ಸಂಕೋಚಪಡುತ್ತಾರೆ. ‘ಪಾಪ, ಅವರಿಗ್ಯಾಕೆ ತೊಂದರೆ’ ಎಂದು ಬಾಯಾರಿಕೊಂಡೇ ಕೂರುತ್ತಾರೆ. ಬಿಸಿನೆಸ್ ಕ್ಲಾಸಿನಲ್ಲಿ ಅದನ್ನು ಒತ್ತುವುದು ತಪ್ಪಲ್ಲ. ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ನಿಮ್ಮ ಬಾಯಾರಿಕೆ ತಿಳಿಯಲು ಅವರಿಗಿರುವ ಸುಲಭದ ದಾರಿ ಅದೊಂದೇ. ಅದೂ ಬೇಡವೆನಿಸಿದರೆ ಎದ್ದು ಗ್ಯಾಲಿ ತನಕ ನಡೆದು ಕೇಳಿ. ಕಾಲಿಗೂ ಒಳ್ಳೆಯದು.

ಸೀಟ್ ಬೆಲ್ಟ್ ದೀಪ ಹತ್ತಿದರೆ

2024ರ ಮೇ 21ರಂದು ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ಸಿಂಗಾಪುರ್ ಏರ್‌ಲೈನ್ಸಿನ ವಿಮಾನ ಮ್ಯಾನ್ಮಾರಿನ ಮೇಲೆ ಜೋರಾದ ಗಾಳಿಯ ಕುಲುಕಾಟಕ್ಕೆ ಸಿಕ್ಕಿತು. ಬೆಳಗಿನ ತಿಂಡಿ ಕೊಡುತ್ತಿದ್ದ ಹೊತ್ತು. ಒಬ್ಬರು ತೀರಿಕೊಂಡರು, ಹಲವಾರು ಜನರಿಗೆ ಪೆಟ್ಟಾಯಿತು. ವಿಮಾನವನ್ನು ಬ್ಯಾಂಕಾಕಿನಲ್ಲಿ ಇಳಿಸಿದರು.

ಅಲ್ಲಿಯವರೆಗೆ ಆ ಕಂಪನಿಯಲ್ಲಿ ಬೆಲ್ಟ್ ದೀಪ ಹತ್ತಿದಾಗ ಬಿಸಿ ಪಾನೀಯ ಮಾತ್ರ ನಿಲ್ಲಿಸುತ್ತಿದ್ದರು. ಅದಾದ ಮೇಲೆ ಊಟ ಬಡಿಸುವುದನ್ನೂ ನಿಲ್ಲಿಸಲು ತೀರ್ಮಾನಿಸಿದರು. ಕೊರಿಯನ್ ಏರ್ ಅದೇ ವರ್ಷ ಜುಲೈನಿಂದ ತನ್ನ ಮಧ್ಯಮ ಮತ್ತು ದೂರದ ಹಾರಾಟಗಳಲ್ಲಿ ಇಳಿಯಲು 40 ನಿಮಿಷ ಇರುವಾಗಲೇ ಉಪಚಾರ ಮುಗಿಸತೊಡಗಿತು. ಮೊದಲು 20 ನಿಮಿಷ ಇತ್ತು. ಕುದಿಯುವ ನೀರು ಹಾಕುವ ನೂಡಲ್ಸನ್ನು ಆಗಸ್ಟಿನಿಂದ ಎಕಾನಮಿಯಲ್ಲಿ ನಿಲ್ಲಿಸಿಯೇಬಿಟ್ಟಿತು.

ಹಾಗಾಗಿ ಹೊರಗೆ ಎಲ್ಲ ಶಾಂತವಾಗಿ ಕಾಣುತ್ತಿದ್ದರೂ ಕಾಫಿ ಬರದೇ ಇರಬಹುದು. ಮುಂದೆ ಮೋಡಗಳಿವೆ ಎಂದು ಪೈಲಟ್ ಮೊದಲೇ ದೀಪ ಹಾಕಿರುತ್ತಾರೆ. ಎರಡು ಗಂಟೆಯ ಸಣ್ಣ ಪ್ರಯಾಣದಲ್ಲಿ ಇಂಥ ಇಪ್ಪತ್ತು ನಿಮಿಷ ಹೋದರೆ ಎರಡನೇ ಸುತ್ತು ಹೋದಂತೆಯೇ.

ಮೇಲೆ ಹೋದಾಗ ಗ್ಲಾಸಿನಲ್ಲೂ ಮೈಯಲ್ಲೂ ಏನಾಗುತ್ತದೆ

ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲದಲ್ಲಿರುವಷ್ಟು ಇರುವುದಿಲ್ಲ. ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವ ಒತ್ತಡಕ್ಕೆ ಇಳಿಸಬಹುದು ಎಂದು ನಿಯಮ. ಊಟಿ ಪಟ್ಟಣಕ್ಕಿಂತ ಮೇಲೆ, ದೊಡ್ಡಬೆಟ್ಟದ ತುದಿಗಿಂತ ಕೆಳಗೆ. ಬೋಯಿಂಗ್ 787, ಏರ್‌ಬಸ್ ಎ350ಯಂಥ ಹೊಸ ವಿಮಾನಗಳಲ್ಲಿ ಅದನ್ನು ಸುಮಾರು 6,000 ಅಡಿಗೆ ತಂದಿದ್ದಾರೆ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ತಗ್ಗು.

8,000 ಅಡಿಯಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ. ಚಹಾ ಎಲೆ ಸರಿಯಾಗಿ ಬಿಡುವುದಿಲ್ಲ. ವಿಮಾನದ ಚಹಾ ಸಪ್ಪೆ ಅನ್ನುವವರ ಮಾತಿನಲ್ಲಿ ನಿಜ ಇದೆ. ಕೋಲಾದಂಥ ಗ್ಯಾಸಿನ ಪಾನೀಯ ನೆಲದಲ್ಲಿಗಿಂತ ಜಾಸ್ತಿ ನೊರೆ ಕಾರುತ್ತದೆ. ಡಯಟ್ ಕೋಕ್ ಅಂತೂ ಸಿಬ್ಬಂದಿಯ ತಾಳ್ಮೆ ಪರೀಕ್ಷೆ. ನೊರೆ ಇಳಿಯುವ ತನಕ ಕಾದು ಕಾದು ಸುರಿಯಬೇಕು. ಆ ಹೊತ್ತಿನಲ್ಲಿ ಹಿಂದಿನ ಇಬ್ಬರ ಗ್ಲಾಸು ತುಂಬಬಹುದಿತ್ತು.

ಮೈಯ ವಿಷಯ ಇದಕ್ಕಿಂತ ಮುಖ್ಯ. ಕ್ಯಾಬಿನ್ನಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಬಾಯಿ, ಮೂಗು, ಕಣ್ಣು ಒಣಗುತ್ತವೆ. ಅದರ ಮೇಲೆ ಮದ್ಯ ಬಿದ್ದರೆ ಏನಾಗುತ್ತದೆ ಎಂದು ಜರ್ಮನಿಯ ವಿಮಾನ ಮತ್ತು ಬಾಹ್ಯಾಕಾಶ ಸಂಸ್ಥೆಯ ಸಂಶೋಧಕರು ನೋಡಿದರು. 18ರಿಂದ 40 ವಯಸ್ಸಿನ, ಆರೋಗ್ಯವಂತರಾದ 48 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸಾಧಾರಣ ಒತ್ತಡದ ಕೋಣೆಯಲ್ಲಿ ಮಲಗಿತು, ಇನ್ನೊಂದು 8,000 ಅಡಿಯ ಒತ್ತಡಕ್ಕೆ ಇಳಿಸಿದ ಕೋಣೆಯಲ್ಲಿ. ಒಂದು ರಾತ್ರಿ ಮದ್ಯ ಕುಡಿದು, ಇನ್ನೊಂದು ರಾತ್ರಿ ಕುಡಿಯದೆ. ಎರಡು ಗ್ಲಾಸು ವೈನಿನಷ್ಟು ಮದ್ಯ ಕುಡಿದು ಕಡಿಮೆ ಒತ್ತಡದಲ್ಲಿ ಮಲಗಿದವರ ರಕ್ತದ ಆಮ್ಲಜನಕದ ಮಟ್ಟ ಸುಮಾರು ಶೇಕಡಾ 85ಕ್ಕೆ ಇಳಿಯಿತು. ಎದೆಬಡಿತ ನಿಮಿಷಕ್ಕೆ 88ರ ಹತ್ತಿರ ಏರಿತು. ಅದೇ ಒತ್ತಡದಲ್ಲಿ ಕುಡಿಯದೆ ಮಲಗಿದಾಗ ಆಮ್ಲಜನಕ 88ರ ಮೇಲೆ, ಎದೆಬಡಿತ 73ರ ಆಸುಪಾಸು ಇತ್ತು. ಇದು 2024ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಬಂದವರು ಆರೋಗ್ಯವಂತ ಯುವಕ ಯುವತಿಯರು ಅನ್ನುವುದು ನೆನಪಿರಲಿ. ಹೃದಯದ, ಶ್ವಾಸಕೋಶದ ತೊಂದರೆ ಇರುವ ಹಿರಿಯರ ಮಾತೇ ಬೇರೆ.

ವೈನಿನ ಪಕ್ಕದಲ್ಲಿ ಕೇಳದೆಯೇ ನೀರಿನ ಗ್ಲಾಸನ್ನೂ ಇಡುವ ಸಿಬ್ಬಂದಿಗೆ ಕೆಲಸ ಗೊತ್ತಿದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಶಾಂಪೇನ್ ಯಾವ ಕಂಪನಿಯದು ಅನ್ನುವುದಕ್ಕಿಂತ ಅದು ದೊಡ್ಡ ಗುರುತು.

‘ಸಾಕು’ ಎಂದು ತಿಳಿಯುವ ಕಣ್ಣು

2022ರ ನವೆಂಬರ್ 26ರಂದು ನ್ಯೂಯಾರ್ಕಿನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ, ಕುಡಿದ ಪ್ರಯಾಣಿಕನೊಬ್ಬ ಹಿರಿಯ ಮಹಿಳೆಯ ಮೇಲೆ ಮೂತ್ರ ಮಾಡಿದ ಎಂಬ ಆರೋಪ ಬಂತು. ಸುದ್ದಿ ಹೊರಬಿದ್ದದ್ದು 2023ರ ಜನವರಿಯಲ್ಲಿ. ಆತ ಆರೋಪವನ್ನು ಒಪ್ಪಲಿಲ್ಲ. ಘಟನೆಯನ್ನು ನಿಭಾಯಿಸಿದ ರೀತಿಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಮುಖ್ಯ ಪೈಲಟ್ಟಿನ ಪರವಾನಗಿಯನ್ನು ಮೂರು ತಿಂಗಳು ಅಮಾನತು ಮಾಡಿತು.

ಅದೇ ತಿಂಗಳು ಏರ್ ಇಂಡಿಯಾ ಮದ್ಯ ಕೊಡುವ ನಿಯಮಗಳನ್ನು ತಿದ್ದಿತು. ಟ್ರಾಫಿಕ್ ಸಿಗ್ನಲ್ಲಿನ ಮೂರು ಬಣ್ಣಗಳ ಪದ್ಧತಿ ಅದರಲ್ಲಿ ಸೇರಿತು. ಹಸಿರಿನವರು ಸರಿಯಾಗಿದ್ದಾರೆ. ಹಳದಿಯವರ ಮೇಲೆ ಕಣ್ಣಿಡಬೇಕು, ಕೊಡುವುದನ್ನು ನಿಧಾನ ಮಾಡಬೇಕು. ಕೆಂಪಿನವರಿಗೆ ಇನ್ನು ಕೊಡುವಂತಿಲ್ಲ. ‘ಇದೊಂದೇ ಕೊನೆಯದು’ ಎಂಬ ಒತ್ತಾಯಕ್ಕೆ ಮಣಿಯಬಾರದು, ಹಾಗಂತ ಯಾರನ್ನೂ ಕುಡುಕ ಎನ್ನಲೂಬಾರದು, ಮೆತ್ತಗೆ ತಿಳಿಸಬೇಕು. ತಾವೇ ತಂದ ಬಾಟಲಿಯನ್ನು ಬಿಚ್ಚುವವರ ಮೇಲೂ ಗಮನ ಇರಬೇಕು. ಅಮೆರಿಕದ ಕಾನೂನಿನಲ್ಲೂ ಈ ಎರಡು ಮಾತು ಹಿಂದಿನಿಂದಲೇ ಇವೆ. ಸಿಬ್ಬಂದಿ ಕೊಟ್ಟದ್ದನ್ನು ಬಿಟ್ಟು ಬೇರೆ ಮದ್ಯ ವಿಮಾನದಲ್ಲಿ ಕುಡಿಯುವಂತಿಲ್ಲ, ಅಮಲೇರಿದಂತೆ ಕಾಣುವವರಿಗೆ ಸಿಬ್ಬಂದಿ ಕೊಡುವಂತಿಲ್ಲ.

ಇದರ ಪರಿಣಾಮ ನಮಗೆ ಹೇಗೆ ಕಾಣುತ್ತದೆ? ಮೂರನೇ ಗ್ಲಾಸು ಯಾಕೋ ತಡವಾಗುತ್ತದೆ. ಸಿಬ್ಬಂದಿ ‘ಮೊದಲು ಊಟ ತರಲಾ?’ ಅನ್ನುತ್ತಾರೆ. ಕೇಳಿದ್ದಕ್ಕಿಂತ ಜಾಸ್ತಿ ಮಂಜುಗಡ್ಡೆ, ಜಾಸ್ತಿ ಸೋಡಾ ಬೀಳುತ್ತದೆ. ಎಷ್ಟೋ ಸಲ ಇದು ಮರೆವಿನಿಂದ ಆದದ್ದಲ್ಲ. ಯಾರೋ ನಿಮ್ಮ ಮಾತಿನ ಧಾಟಿ, ನಡಿಗೆ, ಎಣಿಕೆ ಮೂರನ್ನೂ ಗಮನಿಸಿದ್ದಾರೆ. ಬಾಗಿಲು ಮುಚ್ಚಿದ ಸೂಟಿನಲ್ಲಿ ಇದೂ ಕಷ್ಟದ ಕೆಲಸವೇ. ಬೇರೆ ಬೇರೆ ಮೂವರು ಒಂದೊಂದು ಗ್ಲಾಸು ಕೊಟ್ಟರೆ ಒಟ್ಟು ಎಷ್ಟಾಯಿತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಗ್ಯಾಲಿಯಲ್ಲಿ ಮಾತಾಡಿಕೊಳ್ಳುವ ಸಿಬ್ಬಂದಿ ಇದ್ದರೆ ಮಾತ್ರ ಗೊತ್ತಾಗುತ್ತದೆ.

ಬಾರ್ ಮುಚ್ಚುವ ಹೊತ್ತು

ಇಳಿಯುವ ಸಮಯ ಹತ್ತಿರ ಬಂದಂತೆ ಹತ್ತುವಾಗಿನ ಕೆಲಸಗಳೆಲ್ಲ ಹಿಂದುಮುಂದಾಗಿ ನಡೆಯುತ್ತವೆ. ಗ್ಲಾಸು ಎತ್ತಬೇಕು. ಉಳಿದ ಬಾಟಲಿ ಎಣಿಸಿ ಪಟ್ಟಿಯಲ್ಲಿ ಬರೆಯಬೇಕು. ಟ್ರಾಲಿಗೆ ಮತ್ತೆ ಬೀಗ ಹಾಕಿ, ಹೊಸ ಸೀಲ್ ಬಿಗಿದು, ಅದರ ನಂಬರನ್ನೂ ಬರೆಯಬೇಕು. ಇಳಿದ ಊರಿನ ಕಸ್ಟಮ್ಸಿನವರು ಕೇಳಿದರೆ ಲೆಕ್ಕ ತೋರಿಸಬೇಕಲ್ಲ. ಬೀಗ ಬಿದ್ದ ಮೇಲೆ ನೀವು ಎಷ್ಟೇ ನಯವಾಗಿ ಕೇಳಿದರೂ ‘ಸಾರಿ ಸರ್, ಬಾರ್ ಕ್ಲೋಸ್ ಆಗಿದೆ’ ಅನ್ನುವುದೇ ಉತ್ತರ. ಸಣ್ಣ ಹಾರಾಟಗಳಲ್ಲಿ ಈ ಬೀಗ ನಾವು ಅಂದುಕೊಂಡದ್ದಕ್ಕಿಂತ ಬೇಗ ಬೀಳುತ್ತದೆ. ಕಾಫಿಯನ್ನೂ ಅಷ್ಟೇ ಬೇಗ ನಿಲ್ಲಿಸುತ್ತಾರೆ, ಬಿಸಿ ನೀರಿನ ಯಂತ್ರ ಆರಿಸಿ ಭದ್ರ ಮಾಡಬೇಕಾಗಿರುತ್ತದೆ.

ಕೊನೆಗೊಂದು ಫಿಲ್ಟರ್ ರುಚಿಯಿಲ್ಲದ ಕಾಫಿಯಾದರೂ ಬೇಕು ಅನ್ನುವವರು ಎದುರಿನ ಪರದೆಯಲ್ಲಿ ಇಳಿಯಲು ಎಷ್ಟು ಹೊತ್ತಿದೆ ನೋಡಿಕೊಳ್ಳಿ. ದೂರದ ಹಾರಾಟವಾದರೆ ಒಂದು ಗಂಟೆ ಇರುವಾಗಲೇ ಹೇಳಿಬಿಡಿ. ಬೆಂಗಳೂರು–ಮುಂಬೈ ಥರದ ಪ್ರಯಾಣವಾದರೆ ಮೊದಲ ಗ್ಲಾಸು ತಂದಾಗಲೇ ಎರಡನೆಯದನ್ನೂ ಕೇಳಿಟ್ಟುಕೊಳ್ಳುವುದು ಜಾಣತನ.